ದೋಣಿ ಟ್ರೇಲರ್ ಲೈಟ್: ಉಪ್ಪುನೀರಿಗೆ ತಡೆಯುವ ವೈರಿಂಗ್ ಹೇಗೆ ಮಾಡೋದು?

ಗ್ಯಾಲ್ವಸ್ಟನ್_ದೋಣಿ ಕೇಳಿದ್ದು:

ಟೆಕ್ಸಾಸ್‌ನ ಗ್ಯಾಲ್ವಸ್ಟನ್ ಕೊಲ್ಲಿಯಲ್ಲಿ ಇಳಿಸುವ 16 ಅಡಿ ದೋಣಿಯ ಟ್ರೇಲರ್. ಗ್ಯಾಲ್ವನೈಸ್ಡ್ (ಸತುವಿನ ಲೇಪದ) ಫ್ರೇಮ್, 4 ಪಿನ್ನಿನ ಚಪ್ಪಟೆ ಕನೆಕ್ಟರ್, ಹಿಂದೆ ಫಿಲಮೆಂಟ್ ಬಲ್ಬಿನ ಲೈಟು. ಎಡಗಡೆ ಲೈಟು ತುಂಬ ಮಂಕು. ಹೆಡ್‌ಲೈಟ್ ಆಫ್ ಇದ್ದಾಗಲೂ ಎಡ ಇಂಡಿಕೇಟರ್ ಹಾಕಿದರೆ ಬಲಗಡೆಯ ಕೆಂಪು ಲೈಟು ಸಣ್ಣಗೆ ಮಿಣುಕುತ್ತೆ. ಬಲ್ಬು ಹೊಸದು, ಹೋಲ್ಡರ್ ಉಜ್ಜಿ ಆಗಿದೆ. ತಂತಿ ಜೋಡಣೆ ಎಲ್ಲಾ ನೀಲಿ ಕ್ಲಿಪ್ಪಿನದು, ಮೇಲೆ ಕಪ್ಪು ಟೇಪು. ಎಲ್‌ಇಡಿ ಲೈಟು ಹಾಕಿದರೆ ಸಾಕಾ, ಇಲ್ಲ ಪೂರ್ತಿ ವೈರಿಂಗ್ ಕಿತ್ತು ಹಾಕಬೇಕಾ? ಹಾಕಿದರೆ ಎರಡು ಸೀಸನ್‌ಗೆ ಮತ್ತೆ ಇದೇ ಗತಿ ಆಗದ ಹಾಗೆ ಏನು ಮಾಡಬೇಕು?

ಮೀಟರ್_ಮೊದಲು ಉತ್ತರ:

ನೀವು ಹೇಳಿದ ಲಕ್ಷಣ ನೋಡಿದರೆ ಎಡಗಡೆ ಲೈಟಿನ ಅರ್ಥ್, ಅಂದರೆ ಬಿಳಿ ತಂತಿಯಲ್ಲಿ ಕರೆಂಟ್ ವಾಪಸ್ ಹೋಗುವ ದಾರಿ, ಹೋಗಿದೆ. ಒಂದೇ ಬಲ್ಬಿನಲ್ಲಿ ಎರಡು ಫಿಲಮೆಂಟ್, ಎರಡಕ್ಕೂ ಅರ್ಥ್ ಒಂದೇ. ಹಳದಿ ತಂತಿಯಲ್ಲಿ (ಎಡ ಇಂಡಿಕೇಟರ್ ಮತ್ತು ಬ್ರೇಕಿನದು; ಬಲಕ್ಕೆ ಹಸಿರು) ಬಂದ ಕರೆಂಟಿಗೆ ಅರ್ಥ್ ದಾರಿ ಸಿಗದೆ ಹೋದರೆ ಅದು ಪಕ್ಕದ ಸಣ್ಣ ಫಿಲಮೆಂಟ್ ಹಾದು, ಎರಡೂ ಕಡೆಯ ಟೈಲ್ ಲೈಟಿಗೆ ಹೋಗುವ ಕಂದು ತಂತಿಗೆ ಹಿಂದಕ್ಕೆ ಹತ್ತಿ, ಬಲಗಡೆ ಲೈಟಿನ ಒಳ್ಳೇ ಅರ್ಥಿಗೆ ಇಳಿಯುತ್ತೆ. ಅದಕ್ಕೇ ಎಡ ಹಾಕಿದರೆ ಬಲ ಮಿಣುಕೋದು.

ಏನೂ ಕೊಳ್ಳುವ ಮೊದಲು ಖಚಿತ ಮಾಡಿಕೊಳ್ಳಿ. ಎಡ ಲೈಟಿನ ಅರ್ಥ್ ಬೋಲ್ಟಿನಿಂದ ಕನೆಕ್ಟರಿನ ಬಿಳಿ ತಂತಿಗೆ ಒಂದು ಉದ್ದ ತಂತಿ ನೇರ ಎಳೆದು ಮುಟ್ಟಿಸಿ. ಲೈಟು ಝಗ್ ಅಂತ ಬಂದರೆ ವಿಷಯ ಮುಗೀತು. ಮೀಟರ್ ಇದ್ದರೆ ಲೈಟು ಉರಿಯುತ್ತಿರುವಾಗಲೇ ಆ ಎರಡು ಜಾಗದ ನಡುವೆ ಡಿಸಿ ವೋಲ್ಟ್ ನೋಡಿ. 0.2 ವೋಲ್ಟ್ ಒಳಗಿದ್ದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಕೆಟ್ಟಿದೆ.

ಮೀಟರಿನಲ್ಲಿ ಓಮ್ (ತಂತಿಯ ಅಡ್ಡಿ) ನೋಡಿ ಮೋಸ ಹೋಗಬೇಡಿ. ತಂತಿಯೊಳಗೆ ಎರಡೇ ಎಳೆ ಉಳಿದಿದ್ದರೂ ಓಮ್ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತೆ, ಯಾಕಂದರೆ ಅದು ಹರಿಸುವ ಕರೆಂಟ್ ತೀರಾ ಕಡಿಮೆ. ಇಂಥ ಲೈಟಿಗೆ ಹಾಕುವ 1157 ನಂಬರಿನ ಬಲ್ಬಿನ ದೊಡ್ಡ ಫಿಲಮೆಂಟ್ 2.1 ಆಂಪ್, ಚಿಕ್ಕದು 0.6 ಆಂಪ್ ಎಳೆಯುತ್ತೆ. ಅರ್ಥಿನಲ್ಲಿ ಬರೀ ಅರ್ಧ ಓಮ್ ಅಡ್ಡಿ ಇದ್ದರೂ 2.7 ಆಂಪಿಗೆ 1.3 ವೋಲ್ಟಿಗಿಂತ ಹೆಚ್ಚು ಅಲ್ಲೇ ಹೋಯಿತು. ಲೋಡ್ ಇಟ್ಟು ಅಳೆದರೆ ಮಾತ್ರ ಇದು ಕಾಣೋದು.

ಕಲಾಯಿ_ತಂತಿ ಉತ್ತರ:

ಅರ್ಥ್ ಸರಿ ಮಾಡಿದರೆ ಇವತ್ತಿಗೆ ಲೈಟು ಬರುತ್ತೆ. ಆದರೆ ನೀಲಿ ಕ್ಲಿಪ್ ಅಂದಿರಲ್ಲ, ಅದು ಇರುವ ತನಕ ಆ ಟ್ರೇಲರಿಗೆ ನೆಮ್ಮದಿ ಇಲ್ಲ. ಕ್ಲಿಪ್ಪಿನ ಬ್ಲೇಡು ಇನ್ಸುಲೇಶನ್ ಸೀಳಿ ತಾಮ್ರ ಮುಟ್ಟುತ್ತೆ, ಸೀಳಿದ ಜಾಗದಲ್ಲಿ ಉಪ್ಪುನೀರು ಒಳಗೆ ಹೋಗುತ್ತೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆಗಳ ಸಂದಿಯಲ್ಲಿ ನೀರು ಮೇಲಕ್ಕೆ ಏರುತ್ತೆ. ಮೇಲೆ ಸುತ್ತಿದ ಟೇಪು ನೀರು ತಡೆಯಲ್ಲ, ಒಳಗೆ ಹೋದ ನೀರು ಒಣಗದ ಹಾಗೆ ಹಿಡಿದಿಡುತ್ತೆ ಅಷ್ಟೇ.

ತಂತಿಯ ಸ್ಥಿತಿ ಹೀಗೆ ನೋಡಿ. ಲೈಟಿನ ಹತ್ತಿರ ಕತ್ತರಿಸಿ ಒಂದು ಇಂಚು ಸುಲಿಯಿರಿ. ತಾಮ್ರ ಹೊಸ ಚೊಂಬಿನ ಹಾಗೆ ಹೊಳೆಯಬೇಕು. ಹಸಿರು ಕಿಲುಬು ಇದ್ದರೆ, ಅಥವಾ ಎಳೆಗಳು ಕಪ್ಪಾಗಿ ಬೆರಳಲ್ಲಿ ಮುರಿದರೆ, ಇನ್ನೂ ಒಂದು ಇಂಚು ಹಿಂದೆ ಕತ್ತರಿಸಿ ನೋಡಿ. ಆರು ಇಂಚು ಹೋದಮೇಲೂ ಕಪ್ಪೇ ಅಂದರೆ ಪೂರ್ತಿ ಕಿತ್ತುಬಿಡಿ. ಕಪ್ಪಾದ ಎಳೆಗೆ ಹೊಸ ಜೋಡಣೆ ಹಿಡಿಯೋದಿಲ್ಲ.

ಹೊಸದಕ್ಕೆ ಕಲಾಯಿ ಹಾಕಿದ ತಾಮ್ರದ ತಂತಿಯೇ ಬೇಕು. ಹಿತ್ತಾಳೆ ಪಾತ್ರೆಗೆ ತವರದ ಕಲಾಯಿ ಹಾಕಿದ ಹಾಗೇ, ಇಲ್ಲಿ ಪ್ರತಿ ಎಳೆಗೂ ತವರದ ಲೇಪ ಇರುತ್ತೆ. ಮರೈನ್ ವೈರ್ ಅಂತ ಮಾರುವುದರಲ್ಲೂ ತುದಿ ಸುಲಿದು ಬೆಳ್ಳಿ ಬಣ್ಣ ಇದೆಯಾ ನೋಡಿ ತಗೊಳ್ಳಿ. ಇಂಡಿಕೇಟರಿಗೆ 16 ಗೇಜ್, ಕಂದು ಮತ್ತು ಬಿಳಿಗೆ 14 ಗೇಜ್ (ಅಂಕಿ ಕಡಿಮೆಯಾದಷ್ಟು ತಂತಿ ದಪ್ಪ). ಫ್ರೇಮಿನ ಎಡ ಬದಿಯಲ್ಲಿ ಹಳದಿ, ಕಂದು, ಬಿಳಿ. ಬಲ ಬದಿಯಲ್ಲಿ ಹಸಿರು, ಕಂದು, ಬಿಳಿ. ನಿಮ್ಮ ಟ್ರೇಲರಿಗೆ ಒಂದೊಂದು 25 ಅಡಿ ಹಿಡಿದರೆ ಆರು ತಂತಿ, ಒಟ್ಟು 150 ಅಡಿ.

ಮುಖ್ಯವಾದ ಮಾತು: ಪ್ರತಿ ಲೈಟಿಗೂ ಅದರದೇ ಬಿಳಿ ತಂತಿ ಮುಂದಿನ ತನಕ ಬರಲಿ. ಫ್ರೇಮನ್ನು ಅರ್ಥ್ ಮಾಡಿಕೊಳ್ಳಬೇಡಿ. ಸತುವಿನ ಮೇಲೆ ತಾಮ್ರದ ಲಗ್ ಬಿಗಿದು ಉಪ್ಪುನೀರು ಸೋಕಿದರೆ ಅದೊಂದು ಬ್ಯಾಟರಿ ಸೆಲ್ ಆದ ಹಾಗೆ. ಸತು ಕರಗಿ ಬಿಳಿ ಪುಡಿಯಾಗುತ್ತೆ, ಬೋಲ್ಟ್ ಎಷ್ಟು ಬಿಗಿ ಇದ್ದರೂ ಸಂಪರ್ಕ ಇರಲ್ಲ. ಅಲ್ಯೂಮಿನಿಯಂ ಫ್ರೇಮಿನಲ್ಲೂ ಇದೇ ತೊಂದರೆ.

ಹಿಂದಿನಿಂದ ಮುಂದಕ್ಕೆ ಎಲ್ಲೂ ಗಂಟು ಹಾಕದೆ ತನ್ನಿ. ಎಲ್ಲ ಜೋಡಣೆ ಮುಂದೆ, ನೀರಿಗೆ ಇಳಿಯದ ಜಾಗದಲ್ಲಿ, ಮುಚ್ಚಳ ಇರುವ ಒಂದು ಸಣ್ಣ ಡಬ್ಬಿಯಲ್ಲಿ ಇರಲಿ. ಬದಿಯ ಅಂಬರ್ ಲೈಟಿಗೂ ಕಂದು ತಂತಿಯ ನಡುವೆ ಗಂಟು ಹಾಕೋದು ಬೇಡ. ಅದು ಹೇಗೂ ಮುಂದುಗಡೆ ಇರುತ್ತೆ, ಎಂಟು ಅಡಿ ತಂತಿ ಹೆಚ್ಚಿಗೆ ಹಾಕಿ ಡಬ್ಬಿಗೇ ತನ್ನಿ. ನಡುವೆ ಗಂಟು ಹಾಕಲು ಹೋಗಿ ಕನೆಕ್ಟರಿನ ಒಂದೇ ತೂತಿಗೆ ಎರಡು ತಂತಿ ತುರುಕಿದರೆ ಅವುಗಳ ನಡುವಿನ ಸಂದಿಗೆ ಅಂಟು ಇಳಿಯದೆ ಅಲ್ಲೇ ನೀರು ಹಿಡಿಯುತ್ತೆ.

ಜೋಡಿಸೋದಕ್ಕೆ ಒಳಗೆ ಅಂಟಿರುವ ಹೀಟ್ ಶ್ರಿಂಕ್ ಬಟ್ ಕನೆಕ್ಟರ್, ಅಂದರೆ ಎರಡು ತಂತಿಯ ತುದಿ ಸೇರಿಸುವ, ಬಿಸಿಗೆ ಕುಗ್ಗುವ ನಳಿಗೆ. 16-14 ಗೇಜಿಗೆ ನೀಲಿ ಬಣ್ಣದ್ದು (ಹಳೇ ನೀಲಿ ಕ್ಲಿಪ್ ಅಲ್ಲ). ಸುಮಾರು 8 ಮಿ.ಮೀ. ಸುಲಿದು, ರ‍್ಯಾಚೆಟ್ ಕ್ರಿಂಪರಿನಲ್ಲಿ ಒತ್ತಿ, ಕೈಯಲ್ಲಿ ಗಟ್ಟಿಯಾಗಿ ಎಳೆದು ನೋಡಿ. ಆಮೇಲೆ ಹೀಟ್ ಗನ್ ಹಿಡಿದು, ಎರಡೂ ತುದಿಯಲ್ಲಿ ಅಂಟು ಉಂಗುರದ ಹಾಗೆ ಉಕ್ಕಿ ಬರುವ ತನಕ ಬಿಸಿ ಮಾಡಿ. ಅಂಟು ಹೊರಗೆ ಕಾಣದಿದ್ದರೆ ಸೀಲ್ ಆಗಿಲ್ಲ ಅಂತಲೇ ಲೆಕ್ಕ. ಲೈಟರ್ ಬೆಂಕಿ ಬೇಡ, ಸ್ಲೀವ್ ಸುಟ್ಟು ಬಿರಿಯುತ್ತೆ.

ಫ್ರೇಮಿನ ತೂತುಗಳಿಗೆ ರಬ್ಬರ್ ಗ್ರಾಮೆಟ್ (ತಂತಿ ಉಜ್ಜದ ಹಾಗೆ ಕಾಯುವ ಬಳೆ) ಹಾಕಿ. ಹಳೇ ತಂತಿ ಎಳೆಯುವಾಗ ಅದರ ಬಾಲಕ್ಕೆ ನೈಲಾನ್ ದಾರ ಕಟ್ಟಿ ಎಳೆದರೆ, ಅದೇ ದಾರದಲ್ಲಿ ಹೊಸ ತಂತಿ ಎಳೆದುಕೊಳ್ಳಬಹುದು.

ಬಂದರು_ಎಲೆಕ್ಟ್ರಿಕ್ ಉತ್ತರ:

ಮಂಗಳೂರು, ಮಲ್ಪೆ ಕಡೆ ಮೀನು ಹೊರುವ ಪಿಕಪ್‌ಗಳಿಗೂ ಇದೇ ಕಾಯಿಲೆ ಮಾರಾಯ್ರೆ. ಐಸ್ ಕರಗಿದ ಉಪ್ಪುನೀರು ಹಿಂದಿನ ಬಾಗಿಲ ಸಂದಿಯಿಂದ ನೇರ ಟೈಲ್ ಲ್ಯಾಂಪಿಗೇ ಇಳೀತದೆ. ನಮ್ಮಲ್ಲಿ 21/5 ವಾಟ್ ಬಲ್ಬು. ಹೋಲ್ಡರಿನ ತಳದ ಸ್ಪ್ರಿಂಗ್ ಒಮ್ಮೆ ಹಸಿರಾದ ಮೇಲೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದ್ರೆ ಆಯುಷ್ಯ ಹೆಚ್ಚೋದಿಲ್ಲ. ಮೇಲಿನ ಲೇಪವೇ ಹೋಗಿ ಮುಂದಿನ ಸಲ ಇನ್ನೂ ಬೇಗ ಕಿಲುಬು ಹಿಡೀತದೆ. ಹೋಲ್ಡರ್ ಬದಲಿಸಿ. ತುಂಬ ಜನ ವ್ಯಾಸಲಿನ್ ಮೆತ್ತುತ್ತಾರೆ, ಬಿಸಿಲಿಗೆ ಕರಗಿ ಇಳಿದುಹೋಗ್ತದೆ. ಅದರ ಬದಲು ಸಿಲಿಕೋನ್ ಗ್ರೀಸ್ ಹಾಕಿ.

ಗ್ಯಾಲ್ವಸ್ಟನ್_ದೋಣಿ:

ಅಳೆದು ಆಯಿತು. ಎಡಗಡೆ 1.6 ವೋಲ್ಟ್, ಬಲಗಡೆ 0.3. ಎಡಗಡೆ ತಂತಿ ಆರು ಇಂಚು ಕತ್ತರಿಸಿದರೂ ಕಪ್ಪು. ಪೂರ್ತಿ ಬದಲಿಸೋದೇ ಸರಿ. ಎರಡು ಅನುಮಾನ. ಬೆಸುಗೆ (ಸೋಲ್ಡರ್) ಹಾಕಿದರೆ ಕ್ರಿಂಪಿಗಿಂತ (ಒತ್ತಿ ಜೋಡಿಸೋದಕ್ಕಿಂತ) ಗಟ್ಟಿ ಅಲ್ಲವಾ? ಮತ್ತೆ, ಆ ಸಿಲಿಕೋನ್ (ಡೈಎಲೆಕ್ಟ್ರಿಕ್) ಗ್ರೀಸ್ ಕರೆಂಟ್ ಹರಿಸಲ್ಲ ಅಂತಾರೆ, ಅದನ್ನ ಪಿನ್ನಿಗೆ ಹಚ್ಚಿದರೆ ಸಂಪರ್ಕ ತಪ್ಪಲ್ಲವಾ?

ಕಲಾಯಿ_ತಂತಿ:

ಬೆಸುಗೆಯಿಂದ ಸಂಪರ್ಕ ಚೆನ್ನಾಗೇ ಆಗುತ್ತೆ. ಆದರೆ ಕರಗಿದ ಬೆಸುಗೆ ಎಳೆಗಳೊಳಗೆ ಹರಿದು ಅಷ್ಟುದ್ದ ತಂತಿ ಕಡ್ಡಿಯಾಗುತ್ತೆ. ಕಡ್ಡಿ ಮುಗಿದು ಮೆತ್ತನೆ ತಂತಿ ಶುರುವಾಗುವ ಜಾಗದಲ್ಲಿ ರಸ್ತೆಯ ಅದುರಾಟಕ್ಕೆ ಮುರಿಯುತ್ತೆ. ಬೆಸುಗೆ ಹಿಡಿಯಲಿ ಅಂತ ಹಚ್ಚುವ ಫ್ಲಕ್ಸ್ ತೊಳೆಯದೆ ಬಿಟ್ಟರೆ ಅದೂ ತಿನ್ನುತ್ತೆ. ಟ್ರೇಲರಿಗೆ ಕ್ರಿಂಪೇ ಸರಿ.

ಗ್ರೀಸ್ ಕರೆಂಟ್ ಹರಿಸಲ್ಲ, ನಿಜ. ಹರಿಸಬಾರದು ಕೂಡ, ಹರಿಸಿದರೆ ಪಕ್ಕಪಕ್ಕದ ಪಿನ್ನುಗಳ ನಡುವೆ ಸೋರಿಕೆ ಆಗುತ್ತೆ. ಪಿನ್ ಒಳಗೆ ತುರುಕಿದಾಗ ಲೋಹ ಲೋಹ ಒತ್ತುವ ಜಾಗದಿಂದ ಗ್ರೀಸ್ ಪಕ್ಕಕ್ಕೆ ಸರಿಯುತ್ತೆ, ಸುತ್ತ ಉಳಿದದ್ದು ನೀರು ತಡೆಯುತ್ತೆ. ತೆಳ್ಳಗೆ ಸವರಿದರೆ ಸಾಕು. ತುಂಬಿಸಿಟ್ಟರೆ ಮರಳು ಅಂಟಿ ಪಿನ್ ಸವೆಯುತ್ತೆ.

ಪಿನ್ನಿನ ಮೇಲೆ ಈಗಿರುವ ಕಿಲುಬಿಗೆ ಬಿಳಿ ವಿನೆಗರ್ ಹಾಕಿ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ. ಹಿತ್ತಾಳೆಗೆ ಹುಣಸೆಹಣ್ಣು ಹಾಕಿದ ಹಾಗೇ, ಹುಳಿ ಕಿಲುಬನ್ನು ಬಿಡಿಸುತ್ತೆ. ಆದರೆ ಹುಳಿ ಅಲ್ಲೇ ಉಳಿದರೆ ಮತ್ತೆ ತಿನ್ನುತ್ತೆ, ಹಾಗಾಗಿ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಒಮ್ಮೆ, ಸಿಹಿನೀರಿನಲ್ಲಿ ಒಮ್ಮೆ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಗ್ರೀಸ್.

ಇನ್ನೊಂದು, ವಿನೆಗರ್ ವಾಸನೆ ಬರುವ ಸಿಲಿಕೋನ್ ಸೀಲಂಟನ್ನು ತಂತಿಯ ಹತ್ತಿರ ತರಬೇಡಿ. ಅದು ಗಟ್ಟಿಯಾಗುವಾಗ ಬಿಡುವ ಆಮ್ಲವೇ ತಾಮ್ರವನ್ನು ಹಸಿರು ಮಾಡುತ್ತೆ. ಹಾಕಲೇಬೇಕಾದರೆ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದು.

ಪರ್ತ್_ಗಾಳ ಉತ್ತರ:

ಆಸ್ಟ್ರೇಲಿಯಾದಲ್ಲಿ ತುಂಬ ಜನ ಲೈಟನ್ನು ನೀರಿಗೇ ಇಳಿಸಲ್ಲ. ಎರಡೂ ಲೈಟು, ನಂಬರ್ ಪ್ಲೇಟು ಒಂದೇ ಹಲಗೆಯ ಮೇಲೆ. ದೋಣಿ ಇಳಿಸುವ ಮೊದಲು ಹಲಗೆ ಬಿಚ್ಚಿ ಕಾರಿನೊಳಗೆ ಇಡೋದು. ಅಮೆರಿಕದಲ್ಲಿ ಟ್ರೇಲರಿನ ಹಿಂದೆ ದೋಣಿಗೆ ದಾರಿ ತೋರಿಸುವ ಪಿವಿಸಿ ಗೈಡ್ ಕಂಬಗಳ ತುದಿಗೆ ಲೈಟು ಕೂರಿಸುವ ಕಿಟ್ ಸಿಗುತ್ತೆ, ಅದೂ ಒಳ್ಳೇದು. ಇಲ್ಲಿನವರು ಯಾರಾದರೂ ಮೇಲಿನ ಬಣ್ಣದ ಲೆಕ್ಕ ನೋಡಿ ವೈರಿಂಗ್ ಮಾಡಬೇಡಿ. ನಮ್ಮ 7 ಪಿನ್ನಿನಲ್ಲಿ ಹಳದಿ, ಹಸಿರು ಬರೀ ಇಂಡಿಕೇಟರ್, ಬ್ರೇಕ್ ಲೈಟಿಗೆ ಬೇರೆ ಕೆಂಪು ತಂತಿ ಇದೆ.

ಮೀಟರ್_ಮೊದಲು:

ಕಂಬಕ್ಕೆ ಹಾಕಿ ಅಥವಾ ಕೆಳಗೇ ಇಡಿ, ಲೈಟು ಎಲ್‌ಇಡಿಯದೇ ಇರಲಿ, ಆದರೆ ಒಳಗೆ ಎಪಾಕ್ಸಿ ತುಂಬಿ ತಂತಿ ಸಮೇತ ಅಚ್ಚು ಹೊಯ್ದದ್ದು. ಸ್ಕ್ರೂ ಬಿಚ್ಚಿದರೆ ಗಾಜು ಕೈಗೆ ಬರುವ ಎಲ್‌ಇಡಿ ಲೈಟಿಗೆ ನೀರು ಹೋಗೇ ಹೋಗುತ್ತೆ. ಫಿಲಮೆಂಟ್ ಲೈಟುಗಳಲ್ಲಿ ನೀರಿಗಿಳಿಯುವಂಥವು ತಲೆಕೆಳಗಾಗಿ ಮುಳುಗಿಸಿದ ಲೋಟದ ಹಾಗೆ ಕೆಲಸ ಮಾಡ್ತವೆ. ಮೇಲೆ ಗಾಳಿ ಸಿಕ್ಕಿಕೊಂಡು ನೀರು ಬಲ್ಬಿನ ತನಕ ಏರಲ್ಲ. ನೀರು ಇಳಿದುಹೋಗಲಿ ಅಂತ ಮೇಲೆ ತೂತು ಹೊಡೆದರೆ ಗಾಳಿ ಹೊರಟುಹೋಗಿ ಲೈಟು ಪೂರ್ತಿ ಮುಳುಗುತ್ತೆ.

ದೋಣಿ ಇಳಿಸುವ ಜಾಗದಲ್ಲಿ ಕ್ರಮ ಹೀಗಿರಲಿ. ತಲುಪಿದ ತಕ್ಷಣ ನೀರಿಗೆ ಹಾಕಬೇಡಿ, ಕಾಲು ಗಂಟೆ ಬಿಡಿ. ಬಿಸಿ ಬಲ್ಬು, ಬಿಸಿ ಬೇರಿಂಗ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ. ಟ್ರೇಲರ್ ನೀರಿಗೆ ಇಳಿಯುವ ಮುಂಚೆ ಕನೆಕ್ಟರ್ ಕಳಚಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಚೆನ್ನಾಗಿ ಕರೆಂಟ್ ಹರಿಸುವ ನೀರು ಅದು. ಬ್ರೇಕ್ ತುಳಿದು ನಿಂತಷ್ಟು ಹೊತ್ತೂ 12 ವೋಲ್ಟ್ ನೀರಿನ ಮೂಲಕ ಹರಿದರೆ ಪಾಸಿಟಿವ್ ಕಡೆಯ ತಾಮ್ರ ಕರಗುತ್ತೆ. ಬರೀ ಉಪ್ಪುನೀರು ತಿಂಗಳುಗಟ್ಟಲೆ ಮಾಡುವ ಹಾಳನ್ನು ಕರೆಂಟ್ ಇರುವ ಉಪ್ಪುನೀರು ಬಹಳ ಬೇಗ ಮಾಡುತ್ತೆ.

ಸರ್ಜ್ ಬ್ರೇಕ್ (ಟ್ರೇಲರ್ ಗಾಡಿಯನ್ನು ಮುಂದಕ್ಕೆ ಒತ್ತಿದಾಗ ತಾನೇ ಹಿಡಿಯುವ ಬ್ರೇಕ್) ಇರುವ 5 ಪಿನ್ನಿನವರಿಗೆ ಒಂದು ಮಾತು: ನೀಲಿ ತಂತಿ ರಿವರ್ಸ್ ಲೈಟಿನಿಂದ ಬಂದು, ಹಿಂದೆ ಹೋಗುವಾಗ ಬ್ರೇಕ್ ಹಿಡಿಯದ ಹಾಗೆ ನೋಡಿಕೊಳ್ಳುತ್ತೆ. ಸಮತಟ್ಟು ಜಾಗದಲ್ಲಿ ಕಳಚಿ ರಿವರ್ಸ್ ಹೊಡೆದರೆ ಚಕ್ರ ಕಚ್ಚಿಕೊಳ್ಳಬಹುದು. ಇಳಿಜಾರಿನ ಮೇಲೆ ಟ್ರೇಲರ್ ತಾನೇ ಹಿಂದಕ್ಕೆ ಜಗ್ಗುವುದರಿಂದ ತೊಂದರೆ ಇಲ್ಲ. ಹಾಗಾಗಿ ಇಳಿಜಾರಿಗೆ ಬಂದು, ಗಾಡಿಗೆ ಹ್ಯಾಂಡ್‌ಬ್ರೇಕ್ ಹಾಕಿ, ನೀರಂಚಿನಲ್ಲಿ ಕಳಚಿ.

ಮೇಲೆ ಬಂದ ಮೇಲೆ ಲೈಟು, ತಂತಿ, ಡಬ್ಬಿಯ ಹೊರಗೆಲ್ಲ ಪೈಪಿನ ಸಿಹಿನೀರು ಹರಿಸಿ. ಪ್ರೆಶರ್ ವಾಷರ್ ಬೇಡ, ಸೀಲಿನ ಒಳಕ್ಕೇ ಉಪ್ಪು ನೂಕುತ್ತೆ. ಕನೆಕ್ಟರ್ ಒಣಗಿದ ಮೇಲೇ ಮುಚ್ಚಳ ಹಾಕಿ, ಬಾಯಿ ಕೆಳಗೆ ಮಾಡಿ ತೂಗುಬಿಡಿ.

ಗ್ಯಾಲ್ವಸ್ಟನ್_ದೋಣಿ:

ತಂತಿ, ಕನೆಕ್ಟರ್, ಅಚ್ಚಿನ ಎಲ್‌ಇಡಿ ಜೋಡಿ ಪಟ್ಟಿ ಮಾಡಿಕೊಂಡೆ. ಟ್ರೇಲರ್ ಅಗಲ 84 ಇಂಚು. ಅದಕ್ಕೇನಾದರೂ ಬೇರೆ ಬೇಕಾ?

ಕಲಾಯಿ_ತಂತಿ:

ಬೇಕು. 80 ಇಂಚು ಅಥವಾ ಅದಕ್ಕಿಂತ ಹೆಚ್ಚು ಅಗಲದ ಟ್ರೇಲರಿಗೆ ಅಮೆರಿಕದ ನಿಯಮದಂತೆ ಹಿಂದೆ ನಡುವೆ ಮೂರು ಕೆಂಪು ಲೈಟಿನ ಸಾಲು, ಅಗಲ ತೋರಿಸುವ ಬದಿ ಲೈಟು ಕೂಡ ಇರಬೇಕು. ಕೊಳ್ಳುವಾಗ 80 ಇಂಚಿಗಿಂತ ಹೆಚ್ಚು ಅಗಲಕ್ಕೆ ಅಂತ ಬರೆದಿರುವ ಕಿಟ್ ನೋಡಿ. ಮೂರರ ಸಾಲಿಗೆ ಕಂದು ಮತ್ತು ಬಿಳಿ ಒಂದು ಜೋಡಿ ಪ್ರತ್ಯೇಕವಾಗಿ ಡಬ್ಬಿಯಿಂದಲೇ ಎಳೆಯಿರಿ, ಅಂದರೆ ಇನ್ನೂ 50 ಅಡಿ. ಎರಡು ಲೈಟಿನಲ್ಲಿ ಒಂದಕ್ಕೆ ಕೆಳಗೆ ಬಿಳಿ ಕಿಟಕಿ ಇರುತ್ತೆ, ಅದು ನಂಬರ್ ಪ್ಲೇಟಿಗೆ ಬೆಳಕು ಬೀಳಲಿ ಅಂತ. ಅದನ್ನು ಎಡಗಡೆ, ಪ್ಲೇಟಿನ ಮೇಲೆ ಬರುವ ಹಾಗೆ ಹಾಕಿ.