ಸಹಾಯ ಬೇಕು: ಇಇಜಿ ಟ್ರಿಗರ್ ಮೊದಲು, ಚಿತ್ರ ಆಮೇಲೆ
ನಮಸ್ಕಾರ. ಶಿವಮೊಗ್ಗದಲ್ಲಿ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಪ್ರಯೋಗ ಮಾಡುತ್ತಿದ್ದೇನೆ. ಪರದೆ ಮೇಲೆ ಬಿಳಿ ಚೌಕ ತೋರಿಸಿ ಪಿ300 ಅಲೆ, ಅಂದರೆ ಕಂಡ ಸುಮಾರು 300 ಮಿಲಿಸೆಕೆಂಡ್ ಆದಮೇಲೆ ಮೆದುಳಲ್ಲಿ ಏಳುವ ಅಲೆ, ನೋಡಬೇಕು. ಚೌಕ ತೋರಿಸುವ ಸಾಫ್ಟ್‌ವೇರ್ ಸೈಕೋಪೈ, ‘ಈಗ ಚೌಕ ಬಂತು’ ಅನ್ನುವ ಗುರುತನ್ನು (ಟ್ರಿಗರ್) ಇಇಜಿ ರೆಕಾರ್ಡಿಂಗ್‌ಗೆ ಕಳಿಸುತ್ತದೆ, ಚೌಕ ಕಾಣುವುದು ಮಾತ್ರ ಸ್ವಲ್ಪ ತಡವಾಗಿ.

ಎಷ್ಟು ತಡ ಅಂತ ಅಳೆಯಲು ಪರದೆಯ ಮೇಲಿನ ಎಡ ಮೂಲೆಗೆ ಬೆಳಕು ಗ್ರಹಿಸುವ ಫೋಟೋಡಯೋಡ್ ಅಂಟಿಸಿದೆ. ಈ ಮಳೆಯ ಮಬ್ಬಿನಲ್ಲಿ ಹಗಲೂ ಟ್ಯೂಬ್‌ಲೈಟ್ ಬೇಕು. ಅದರ ಬೆಳಕು ಬೀಳದಂತೆ ಅಡಿಕೆ ಹಾಳೆಯ ತುಂಡು ಮುಚ್ಚಿ ಕಪ್ಪು ಟೇಪ್ ಸುತ್ತಿದ್ದೇನೆ. ನಗಬೇಡಿ, ಚೆನ್ನಾಗಿ ಕೆಲಸ ಮಾಡುತ್ತಿದೆ!

200 ಸಲ ಅಳೆದೆ. ಜಾಸ್ತಿ ಸಲ 34 ಮಿಲಿಸೆಕೆಂಡ್. ಯಾವಾಗಲೂ ಅಷ್ಟೇ ಇದ್ದಿದ್ದರೆ ಸುಮ್ನೆ ಟ್ರಿಗರ್ ಸಮಯಕ್ಕೆ ಕೂಡಿಸಿಬಿಡುತ್ತಿದ್ದೆ. ಆದರೆ ನಡುನಡುವೆ 51 ಬರುತ್ತದೆ. ಮಾನಿಟರ್ 60 ಹರ್ಟ್ಸ್, ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್. ಅಂದರೆ 34ಕ್ಕಿಂತ ಸರಿಯಾಗಿ ಒಂದು ಫ್ರೇಮ್ ಹೆಚ್ಚು ತಡ, ಅಲ್ವಾ? ವಿ-ಸಿಂಕ್ (ಚಿತ್ರ ಬದಲಾಗುವುದನ್ನು ಮಾನಿಟರ್‌ನ ಲಯಕ್ಕೆ ಹೊಂದಿಸುವುದು) ಹಾಕಿದೆ, ಬೇರೆ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿದೆ, ಟ್ರಿಗರನ್ನು ಫ್ಲಿಪ್ (ಹೊಸ ಫ್ರೇಮ್ ಪರದೆಗೆ ಹೋಗುವುದು) ಜೊತೆಗೇ ಹೋಗುವಂತೆ ಮಾಡಿದೆ. ಲಾಗ್‌ನಲ್ಲಿ ಒಂದು ಫ್ರೇಮೂ ಬಿಟ್ಟುಹೋಗಿಲ್ಲ ಅನ್ನುತ್ತದೆ. ಇಲ್ಲೇ ತಲೆ ಕೆಟ್ಟಿರುವುದು.

ಮುಂದಿನವರಿಗೆ ಫೋಟೋಡಯೋಡ್ ಸಿಗ್ನಲ್ಲನ್ನೇ ಆರಂಭದ ಸಮಯ ಅಂತ ಇಟ್ಟುಕೊಳ್ಳುತ್ತೇನೆ. ಆದರೆ ಅದಿಲ್ಲದೆ ಆಗಲೇ ಆರು ಜನರ ರೆಕಾರ್ಡಿಂಗ್ ಮುಗಿದಿದೆ. ಅವಕ್ಕೆಲ್ಲ 34 ಕೂಡಿಸಿ ಪಿ300 ಸರಾಸರಿ ತೆಗೆಯಬಹುದಾ, ಅಥವಾ ಮತ್ತೆ ಮಾಡಲೇಬೇಕಾ? ಈ 51 ಎಲ್ಲಿಂದ ಬರುತ್ತಿರಬಹುದು?