ಶೇವಿಂಗ್ ಮಗ್: ಒಳಗೆ ಕಲ್ಲಾದ ಸೋಪು, ಹಿಡಿಯ ಬುಡದಲ್ಲಿ ಕಂದು ಬಿರುಕು, ಮಸುಕಾಗುತ್ತಿರುವ ಚಿನ್ನದ ಅಕ್ಷರ

ನೊರೆಬಟ್ಟಲು: ಬಿಳಿ ಪಿಂಗಾಣಿಯ ಹಳೇ ಶೇವಿಂಗ್ ಮಗ್, ಅಂದರೆ ಕ್ಷೌರದ ಸೋಪಿನ ನೊರೆ ಎಬ್ಬಿಸುವ ಬಟ್ಟಲು. ಮೇಲೆ ಕುದುರೆಗಾಡಿಯ ಚಿತ್ರ, ಚಿನ್ನದ ಅಕ್ಷರದಲ್ಲಿ ಒಡೆಯನ ಹೆಸರು. ತಳದಲ್ಲಿ ‘ಟಿ ಅಂಡ್ ವಿ, ಲಿಮೋಜ್, ಫ್ರಾನ್ಸ್’ ಮುದ್ರೆ. ಒಳಗೆ ಅರ್ಧ ಸೆಂಟಿಮೀಟರ್ ದಪ್ಪದ ಹಳದಿ ಸೋಪು ಗಟ್ಟಿಯಾಗಿ ಕೂತಿದೆ. ಹಿಡಿಯ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಕಂದು ಬಿರುಕು. ಹೊರಮೈಯನ್ನು ಅಡುಗೆ ಸೋಡಾ ಪೇಸ್ಟ್‌ನಿಂದ ಉಜ್ಜಿದಾಗ ಹೆಸರಿನ ಕೊನೆಯ ಎರಡು ಅಕ್ಷರ ಮಸುಕಾದವು. ಮುಂದೇನು ಮಾಡಲಿ? ಚಿತ್ರ ನಿಜಕ್ಕೂ ಹಳೆಯದೇ?

ಹಳೇಪಿಂಗಾಣಿ: ಮೊದಲು ಸೋಡಾ ನಿಲ್ಲಿಸಿ. ಈ ಜಾತಿಯ ಮಗ್‌ಗಳಲ್ಲಿ ಹೆಸರು, ಚಿತ್ರ ಎರಡೂ ಗ್ಲೇಜ್‌ನ (ಪಿಂಗಾಣಿಯ ಗಾಜಿನಂಥ ಹೊಳಪಿನ ಪದರದ) ಮೇಲೆಯೇ ಇರುತ್ತವೆ. ಗ್ಲೇಜ್ ಸುಟ್ಟು ಗಟ್ಟಿಯಾದ ಮೇಲೆ ಬಣ್ಣ ಬರೆದು, ಕಡಿಮೆ ಕಾವಿನಲ್ಲಿ ಮತ್ತೊಮ್ಮೆ ಸುಡುತ್ತಿದ್ದರು. ಹಾಗಾಗಿ ಚಿನ್ನದ ಪದರಕ್ಕೆ ಮೇಲೆ ಯಾವ ರಕ್ಷಣೆಯೂ ಇಲ್ಲ. ಸೋಡಾದ ಹರಳು, ಸ್ಕ್ರಬ್ಬರ್, ಪಾತ್ರೆ ತೊಳೆಯುವ ಯಂತ್ರ, ಯಾವುದಾದರೂ ಅದನ್ನು ಕೆರೆದು ಹಾಕುತ್ತದೆ. ಹೋದದ್ದು ಮರಳಿ ಬಾರದು. ಗೋಲ್ಡ್ ಪೆನ್‌ನಿಂದ ತಿದ್ದಲು ಮಾತ್ರ ಹೋಗಬೇಡಿ; ಮುಂದೆ ಅದನ್ನು ಅಳಿಸುವಾಗ ಉಳಿದ ಅಸಲಿ ಚಿನ್ನವೂ ಕಿತ್ತು ಬರುತ್ತದೆ.

ಸೋಪು ತೆಗೆಯಲು: ಮಗ್ ಕೋಣೆಯ ಬಿಸಿಗೆ ಬಂದಿರಲಿ. ಸುಮಾರು 40 ಡಿಗ್ರಿಯ ಡಿಸ್ಟಿಲ್ಡ್ ವಾಟರ್ ಹಾಕಿ, ಅಂಚಿನ ಚಿನ್ನದ ಗೆರೆಗಿಂತ 1 ಸೆಂ.ಮೀ. ಕೆಳಗೇ ನಿಲ್ಲಿಸಿ. ಆರು ಗಂಟೆಗೊಮ್ಮೆ ನೀರು ಬದಲಿಸಿ. ಮೇಲಿನ ಸೋಪು ಲೋಳೆಯಂತಾದಾಗ ಬಿದಿರಿನ ಕಡ್ಡಿಯಿಂದ ಎಬ್ಬಿಸಿ. ಚಮಚ, ಚಾಕು ಬೇಡ, ಲೋಹ ತಗುಲಿದಲ್ಲೆಲ್ಲ ಬೂದು ಗೀಟು ಬೀಳುತ್ತದೆ. ಕೊನೆಗೆ ಬಿಳಿ ಚಕ್ಕೆಯೊಂದು ಉಳಿಯುತ್ತದೆ, ನೀರಿಗೆ ಜಗ್ಗುವುದಿಲ್ಲ. ಅದು ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಆದದ್ದು. ಅದಕ್ಕೆ ಸಮಪ್ರಮಾಣದ ನೀರು ಬೆರೆಸಿದ ವಿನೆಗರ್‌ನಲ್ಲಿ ಹತ್ತಿ ಅದ್ದಿ, ಚಕ್ಕೆಯ ಮೇಲಷ್ಟೇ 10 ನಿಮಿಷ ಇಟ್ಟು ತೊಳೆಯಿರಿ. ಚಿತ್ರ, ಚಿನ್ನದ ಗೆರೆ ಇರುವ ಕಡೆ ವಿನೆಗರ್ ತಾಗಕೂಡದು. ಆಮ್ಲ ಗ್ಲೇಜ್ ಮೇಲಿನ ಬಣ್ಣವನ್ನು ಮಂಕು ಮಾಡುತ್ತದೆ.

ಬಿರುಕುಬಲ್ಲವ: ಬಿರುಕಿನ ವಿಷಯ. ಮಗ್ಗನ್ನು ಅಂಗೈ ಮೇಲಿಟ್ಟು ಅಂಚನ್ನು ಉಗುರಿನಿಂದ ಮೀಟಿ. ಗಂಟೆಯಂತೆ ಎಳೆದು ಕೇಳಿಸಿದರೆ ಬಿರುಕು ಗ್ಲೇಜ್‌ನಲ್ಲಷ್ಟೇ ಇರುವ ಸಂಭವ ಹೆಚ್ಚು. ‘ಟಪ್’ ಎಂದು ಸತ್ತರೆ ಒಳಗಿನವರೆಗೂ ಹೋಗಿದೆ. ಆಗ ಹಿಡಿ ಹಿಡಿದು ಎತ್ತಲೇಬೇಡಿ, ತಳಕ್ಕೆ ಕೈಕೊಟ್ಟು ಎತ್ತಿ.

ಲಿಮೋಜ್ ಪಿಂಗಾಣಿ ನೀರು ಹೀರುವುದಿಲ್ಲ, ಆದ್ದರಿಂದ ಕಂದು ಬಣ್ಣ ಬಿರುಕಿನೊಳಗೆ ಕೂತ ಕೊಳೆ ಮಾತ್ರ. 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹತ್ತಿಯ ಎಳೆ ಅದ್ದಿ ಬಿರುಕಿನುದ್ದಕ್ಕೂ ಇಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. 12 ಗಂಟೆಗೊಮ್ಮೆ ಹತ್ತಿ ಬದಲಿಸಿ, ಮೂರ್ನಾಲ್ಕು ಸಲ ಮಾಡಿ. ಚಿನ್ನದಿಂದ ದೂರವಿರಲಿ. ಬಟ್ಟೆಗೆ ಹಾಕುವ ಬ್ಲೀಚ್ ಬಳಸಿದರೆ ಉಪ್ಪು ಬಿರುಕಿನಲ್ಲೇ ಉಳಿದು ಹರಳುಗಟ್ಟಿ, ತಿಂಗಳುಗಳ ನಂತರ ಗ್ಲೇಜ್ ಚಕ್ಕೆಯೇಳುತ್ತದೆ. ಆಮೇಲೆ ಅದನ್ನು ಉಳಿಸುವುದು ಬಹಳ ಕಷ್ಟ.

ಹಳೇಪಿಂಗಾಣಿ: ಇನ್ನು ಚಿತ್ರದ ವಯಸ್ಸು. ತಳದ ಮುದ್ರೆ ಮಗ್‌ನದು, ಚಿತ್ರದ್ದಲ್ಲ. ಬರಿಯ ಬಿಳಿ ಮಗ್‌ಗಳು ಫ್ರಾನ್ಸ್, ಜರ್ಮನಿ, ಆಸ್ಟ್ರಿಯಾಗಳಿಂದ ಅಮೆರಿಕಕ್ಕೆ ಬರುತ್ತಿದ್ದವು. ಒಡೆಯನ ಹೆಸರು, ಅವನ ಕಸುಬಿನ ಚಿತ್ರ ಬರೆಯುತ್ತಿದ್ದದ್ದು ಅಲ್ಲಿ ಕ್ಷೌರದಂಗಡಿಗಳಿಗೆ ಸಾಮಾನು ಒದಗಿಸುವ ಕಂಪನಿಗಳು. ಸೇಂಟ್ ಲೂಯಿಸ್‌ನ ಕೋಕೆನ್ ಅಂಥದ್ದೊಂದು. 1891ರಿಂದ ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಲ್ಲಿ ಕಾನೂನಾಯಿತು. ‘ಫ್ರಾನ್ಸ್’ ಎಂದಿರುವುದರಿಂದ ನಿಮ್ಮದು ಬಹುಶಃ ಆ ನಂತರದ್ದು.

10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನೋಡಿ. ಕೈಯಿಂದ ಬರೆದದ್ದಾದರೆ ಕುಂಚದ ಎಳೆ ಕಾಣುತ್ತದೆ, ಬಣ್ಣ ಸ್ವಲ್ಪ ಉಬ್ಬಿರುತ್ತದೆ, ಕುದುರೆಯ ಕಾಲಿನಂಥ ಕಡೆ ಗೆರೆಯ ದಪ್ಪ ಏರಿಳಿಯುತ್ತದೆ. ಒಂದೇ ಸಮನಾದ ಸಣ್ಣ ಚುಕ್ಕಿಗಳ ಸಾಲು ಕಂಡರೆ ಅಚ್ಚಿನ ಸ್ಟಿಕರ್. ಸವೆತವನ್ನೂ ನೋಡಿ: ಅಸಲಿ ಮಗ್‌ನಲ್ಲಿ ಚಿನ್ನ ಸವೆಯುವುದು ಅಂಚಿನಲ್ಲಿ, ಹಿಡಿಯ ಮೇಲೆ, ಕೈ ತಾಗುವಲ್ಲಿ. ಅಂಚು ಸವೆದು ಹೆಸರು ಮಾತ್ರ ಹೊಚ್ಚಹೊಸದಾಗಿ ಮಿಂಚುತ್ತಿದ್ದರೆ ಅನುಮಾನಿಸಿ. ನಿಮ್ಮ ಎರಡು ಅಕ್ಷರ ಸೋಡಾಕ್ಕೆ ಮಸುಕಾಗಿವೆ, ಅದರಿಂದ ಏನೂ ತೀರ್ಮಾನಿಸಲಾಗದು, ಉಳಿದವುಗಳನ್ನು ನೋಡಿ.

ನೊರೆಬಟ್ಟಲು: ಧನ್ಯವಾದ ಇಬ್ಬರಿಗೂ. ಮಗ್ ಜೊತೆ ಕುದುರೆ ಕೂದಲಿನ ಹಳೇ ಬ್ರಷ್ ಒಂದಿದೆ, ಹಳದಿ ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಹಿಡಿಯದು. ಕುದಿಸಿ ಬಳಸಬಹುದೇ?

ಬಿರುಕುಬಲ್ಲವ: ಬೇಡ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಥ ಬ್ರಷ್‌ಗಳಿಂದ ಅಮೆರಿಕ, ಬ್ರಿಟನ್‌ಗಳಲ್ಲಿ ಸೈನಿಕರಿಗೂ ನಾಗರಿಕರಿಗೂ ಆಂಥ್ರಾಕ್ಸ್ (ಪ್ರಾಣಿಗಳಿಂದ ತಗುಲುವ ಮಾರಕ ರೋಗ) ತಗುಲಿತ್ತು. ಅದರ ಬೀಜಾಣು ದಶಕಗಟ್ಟಲೆ ಬದುಕುತ್ತದೆ, ಮನೆಯಲ್ಲಿ ಕುದಿಸಿದ್ದನ್ನು ನಂಬಲಾಗದು. ಬಾಚುವುದು, ಕೊಡವುವುದು ಬೇಡ. ಮುಚ್ಚಳದ ಡಬ್ಬಿಯಲ್ಲಿ ಪ್ರದರ್ಶನಕ್ಕಷ್ಟೇ ಇಡಿ. ಆದರೆ ರೇಜರ್‌ಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ: ಸೆಲ್ಯುಲಾಯ್ಡ್ ಹಳತಾದಂತೆ ಆಮ್ಲದ ಹಬೆ ಬಿಡುತ್ತದೆ, ಪಕ್ಕದ ಬ್ಲೇಡಿಗೆ ತುಕ್ಕು ಹಿಡಿಯುತ್ತದೆ. ಬೇಗ ಹೊತ್ತಿಕೊಳ್ಳುವ ವಸ್ತುವೂ ಹೌದು, ಬಿಸಿಲು, ಬಲ್ಬಿನ ಕಾವು ತಾಗದ ಕಡೆ ಇರಲಿ. ಹಿಡಿಯಲ್ಲಿ ಕರ್ಪೂರದ ಗಾಢ ವಾಸನೆ, ಬಲೆಯಂಥ ಬಿರುಕು ಕಂಡರೆ ಅದು ಕೊಳೆಯಲು ಶುರುವಾಗಿದೆ. ಆಗ ಗಾಳಿಯಾಡುವ ಬೇರೆ ಜಾಗಕ್ಕೆ ಸಾಗಿಸಿ.