ಸಹಾಯ ಬೇಕು: ಅಪ್ಪನ ಕಂಪ್ಯೂಟರಿನಲ್ಲಿ ಸುಳ್ಳು ವೈರಸ್ ಎಚ್ಚರಿಕೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಮನೆಯಲ್ಲಿ ಅಪ್ಪ ಅಡಿಕೆ ಧಾರಣೆ ನೋಡಲು ಕ್ರೋಮ್ ತೆರೆದರೆ ಸಾಕು, ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಪೆಟ್ಟಿಗೆಗಳು ಒಂದರ ಹಿಂದೊಂದು ಬರುತ್ತವೆ. ನಿನ್ನೆಯಂತೂ ಇಡೀ ಪರದೆ ಕೆಂಪಾಗಿ, ಸೈರನ್ ಕೂಗಿ, ‘ತಕ್ಷಣ ಕರೆ ಮಾಡಿ’ ಎಂದು ಮೈಕ್ರೋಸಾಫ್ಟ್ ಹೆಸರಿನಲ್ಲಿ ಒಂದು ನಂಬರ್ ಕಾಣಿಸಿತು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ, ಹಾಗಾಗಿ ಕರೆ ಮಾಡಬೇಡಿ ಎಂದೆ. ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ ಮುಚ್ಚಿದರು. ಪಾಪ, ಬಹಳ ಹೆದರಿದ್ದಾರೆ.

ಯಾವುದೋ ಜಾಲತಾಣಕ್ಕೆ ನೋಟಿಫಿಕೇಶನ್ ಅನುಮತಿ ಸಿಕ್ಕಿರಬೇಕು. ಅದನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆದರೆ ಸಾಕೇ? ವಿಂಡೋಸ್ ಡಿಫೆಂಡರ್‌ನಲ್ಲಿ ಪೂರ್ತಿ ಸ್ಕ್ಯಾನ್ ಕೂಡ ಮಾಡಿಸಬೇಕೇ? ನಾನು ಬೆಂಗಳೂರಿನಲ್ಲಿದ್ದೇನೆ, ಫೋನಿನಲ್ಲೇ ಹೇಳಿ ಮಾಡಿಸಬೇಕು. ಅವರ ಕ್ರೋಮ್ ಕನ್ನಡದಲ್ಲಿದೆ. ಎಲ್ಲಿ ಒತ್ತಬೇಕೆಂದು ಕನ್ನಡದ ಮೆನು ಹೆಸರುಗಳಲ್ಲೇ ಬರೆದರೆ ದೊಡ್ಡ ಉಪಕಾರ.